ಮುದ್ರೆ ಫ್ಯಾನಿಗಲ್ಲ, ಅಂಕಿಗೆ

ಎರಡು ಎಕ್ಸಾಸ್ಟ್ ಫ್ಯಾನುಗಳಿವೆ ಎಂದುಕೊಳ್ಳಿ. ಎರಡರ ಡಬ್ಬಿಯ ಮೇಲೂ ಒಂದೇ ಅಂಕಿ: ಗಂಟೆಗೆ 300 ಘನ ಮೀಟರ್ ಗಾಳಿ. ಎರಡೂ ಸುಳ್ಳಲ್ಲ. ಆದರೆ ಗೋಡೆಗೆ ಕೂರಿಸಿ, ಗಾಳಿ ಸಾಗಿಸುವ ಕೊಳವೆಯಾದ ಡಕ್ಟ್ ಜೋಡಿಸಿ ಸ್ವಿಚ್ ಒತ್ತಿದ ಮೇಲೆ ಒಂದು ಫ್ಯಾನು ಹೇಳಿದಷ್ಟನ್ನು ಹೊರಹಾಕುತ್ತದೆ, ಇನ್ನೊಂದು ಅದರ ಅರ್ಧಕ್ಕೇ ಏದುಸಿರು ಬಿಡುತ್ತದೆ. ಮೊದಲನೆಯದನ್ನು ತಯಾರಿಸಿದವರು ಡಕ್ಟಿನಲ್ಲಿ ಎದುರಾಗುವಂಥ ಒತ್ತಡವನ್ನು ಹೇರಿ ಅಳೆದಿದ್ದರು. ಎರಡನೆಯವರು ಹಿಂದೆ ಮುಂದೆ ಏನೂ ಅಡ್ಡವಿಲ್ಲದಂತೆ ಫ್ಯಾನನ್ನು ತೆರೆದಿಟ್ಟು ಅಳೆದಿದ್ದರು. ಅಂಕಿ ಒಂದೇ, ಅದು ಹುಟ್ಟಿದ ಸಂದರ್ಭ ಬೇರೆ. ಡಬ್ಬಿಯ ಮೇಲೆ ಅಂಕಿ ಮಾತ್ರ ಅಚ್ಚಾಗಿರುತ್ತದೆ.

ಬಟ್ಟೆ ಕೊಂಡರೆ ಮೊಳ ಹಾಕಿ ನೋಡಬಹುದು. ಬಲ್ಬು ಮಂಕಾಗಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ. ಗಾಳಿಯ ವಿಷಯ ಹಾಗಲ್ಲ. ಫ್ಯಾನು ತಿರುಗುತ್ತಿದೆ, ಸದ್ದು ಬರುತ್ತಿದೆ, ಜಾಲರಿಗೆ ಹಿಡಿದ ಕಾಗದ ಅಂಟಿಕೊಳ್ಳುತ್ತಿದೆ. ಇಷ್ಟಾದರೆ ಕೆಲಸ ನಡೆಯುತ್ತಿದೆ ಎಂದೇ ನಂಬುತ್ತೇವೆ. ಕೋಣೆಗೆ ಬೇಕಾದ ಗಾಳಿಯಲ್ಲಿ ಅರ್ಧ ಮಾತ್ರ ಬರುತ್ತಿದ್ದರೂ ಯಾರಿಗೂ ತಿಳಿಯುವುದಿಲ್ಲ. ವಾತಾಯನ ಉಪಕರಣಗಳ ಕಾರ್ಯಕ್ಷಮತೆಯ ಅಂಕಿಗಳನ್ನು ಮೂರನೆಯವರು ಪರಿಶೀಲಿಸಿ ಪ್ರಮಾಣೀಕರಿಸುವ ಏರ್ಪಾಟು ಬೆಳೆದದ್ದು ಈ ಕುರುಡಿನಿಂದಾಗಿ. ಆ ಏರ್ಪಾಟು ಏನನ್ನು ಖಾತ್ರಿಪಡಿಸುತ್ತದೆ, ಏನನ್ನು ಪಡಿಸುವುದಿಲ್ಲ ಎಂಬುದರಲ್ಲಿ ಕೊಳ್ಳುವವರಿಗಿರಲಿ, ಮಾರುವವರಿಗೇ ಗೊಂದಲವಿದೆ.

ಮೊದಲು ಒಂದು ವಿಷಯ ತಿಳಿಯಾಗಬೇಕು. ಫ್ಯಾನಿಗೆ 'ಇಷ್ಟು ಗಾಳಿ' ಎಂಬ ಒಂಟಿ ಅಂಕಿಯೇ ಇಲ್ಲ. ಅದಕ್ಕಿರುವುದು ಒಂದು ವಕ್ರರೇಖೆ, ಎಂಜಿನಿಯರುಗಳ ಬಾಯಲ್ಲಿ 'ಫ್ಯಾನ್ ಕರ್ವ್'. ಎದುರಿನ ಒತ್ತಡ ಸೊನ್ನೆಯಿದ್ದಾಗ ಗಾಳಿಯ ಹರಿವು ಅತಿ ಹೆಚ್ಚು. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ; ದಾರಿ ಪೂರ್ತಿ ಮುಚ್ಚಿದರೆ ಫ್ಯಾನು ಸುಮ್ಮನೆ ತಿರುಗುತ್ತಿರುತ್ತದೆ, ಗಾಳಿ ಹರಿಯುವುದಿಲ್ಲ. ಪ್ರಯೋಗಾಲಯದಲ್ಲಿ ಈ ರೇಖೆಯನ್ನು ಬರೆಯಲು ಒಂದು ದೊಡ್ಡ ಪೆಟ್ಟಿಗೆಯಂಥ ಚೇಂಬರಿಗೆ ಫ್ಯಾನನ್ನು ಜೋಡಿಸುತ್ತಾರೆ. ಒಳಗೆ ಗಾಳಿಯ ಸುಳಿಗಳನ್ನು ಪಳಗಿಸಲು ಜಾಲರಿಗಳ ಸಾಲು, ನಡುವೆ ನಿಖರವಾಗಿ ಕಡೆದ ನಾಜಲ್‌ಗಳು. ನಾಜಲ್ಲಿನ ಹಿಂದು ಮುಂದಿನ ಒತ್ತಡದ ವ್ಯತ್ಯಾಸದಿಂದ ಹರಿವನ್ನು ಲೆಕ್ಕ ಹಾಕುತ್ತಾರೆ. ದಾರಿಯನ್ನು ಹಂತಹಂತವಾಗಿ ಬಿಗಿಗೊಳಿಸುತ್ತ ಪ್ರತಿ ಹಂತದಲ್ಲೂ ಹರಿವು, ಒತ್ತಡ, ವೇಗ, ವಿದ್ಯುತ್ತು ಬರೆದುಕೊಳ್ಳುತ್ತಾರೆ. ಬಿಂದುಗಳನ್ನು ಸೇರಿಸಿದರೆ ಕರ್ವ್ ಸಿದ್ಧ.

ಇಲ್ಲಿನ ಒತ್ತಡಗಳು ಎಷ್ಟು ಸಣ್ಣವು ಎಂದರೆ ನಂಬುವುದು ಕಷ್ಟ. ಮನೆಯ ಬಚ್ಚಲಿನ ಡಕ್ಟ್ ಫ್ಯಾನುಗಳಿಗೆ ಅಮೆರಿಕದ ಹೋಮ್ ವೆಂಟಿಲೇಟಿಂಗ್ ಇನ್‌ಸ್ಟಿಟ್ಯೂಟ್, ಅಂದರೆ ಎಚ್‌ವಿಐ, ಪ್ರಕಟಿಸುವ ಮೂಲ ಅಂಕಿ ಸುಮಾರು 25 ಪಾಸ್ಕಲ್ ಒತ್ತಡದ್ದು. ಅದು ಎರಡೂವರೆ ಮಿಲಿಮೀಟರ್ ಎತ್ತರದ ನೀರಿನ ಭಾರಕ್ಕೆ ಸಮ. ಆದರೆ ಅಗ್ಗದ ಪ್ರೊಪೆಲರ್ ಫ್ಯಾನನ್ನು ಮಂಡಿಯೂರಿಸಲು ಅಷ್ಟೇ ಸಾಕು. ನಾಲ್ಕು ತಿರುವಿನ ಡಕ್ಟು, ಧೂಳು ಹಿಡಿದ ಜಾಲರಿ, ತುದಿಯಲ್ಲಿ ಮಳೆ ತಡೆಯುವ ಮುಚ್ಚಳ ಸೇರಿದರೆ 60 ಪಾಸ್ಕಲ್ ದಾಟುವುದು ದೊಡ್ಡ ಮಾತಲ್ಲ.

ಗಾಳಿಯ ಸಾಂದ್ರತೆಯೂ ಲೆಕ್ಕಕ್ಕೆ ಬರುತ್ತದೆ. ಕ್ಯಾಟಲಾಗಿನ ಅಂಕಿಗಳೆಲ್ಲ ಪ್ರತಿ ಘನ ಮೀಟರಿಗೆ 1.2 ಕಿಲೋಗ್ರಾಂ ತೂಗುವ 'ಪ್ರಮಾಣಿತ ಗಾಳಿ'ಗೆ ಹೊಂದಿಸಿದವು. ಸಮುದ್ರಮಟ್ಟದಿಂದ 1,500 ಮೀಟರ್ ಮೇಲಿರುವ ಜಾಗದಲ್ಲಿ ಗಾಳಿ ಸುಮಾರು ಶೇ 14ರಷ್ಟು ತೆಳು. ಅಲ್ಲಿ ಅದೇ ಫ್ಯಾನು ಅಷ್ಟೇ ಗಾತ್ರದ ಗಾಳಿಯನ್ನು ದೂಡುತ್ತದೆ, ಆದರೆ ಅದು ಹುಟ್ಟಿಸುವ ಒತ್ತಡ ಅದೇ ಪ್ರಮಾಣದಲ್ಲಿ ಕುಸಿದಿರುತ್ತದೆ. ಬೇರೆ ಬೇರೆ ಊರಿನ ಪ್ರಯೋಗಾಲಯಗಳ ಫಲಿತಾಂಶಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಈ ಹೊಂದಾಣಿಕೆ ತಪ್ಪದು.

ಅಳತೆಯ ವಿಧಾನವನ್ನು ಒಪ್ಪಿಕೊಳ್ಳುವ ಕೆಲಸ ಹಳೆಯದು. ಅಮೆರಿಕದ ಫ್ಯಾನ್ ತಯಾರಕರು 1917ರಲ್ಲಿ ಸಂಘ ಕಟ್ಟಿಕೊಂಡರು. ಅದೇ ಮುಂದೆ ಏರ್ ಮೂವ್‌ಮೆಂಟ್ ಆಂಡ್ ಕಂಟ್ರೋಲ್ ಅಸೋಸಿಯೇಷನ್ ಆಯಿತು. ಈ ಕ್ಷೇತ್ರದವರು ಚಿಕ್ಕದಾಗಿ 'ಆಮ್ಕಾ' ಎನ್ನುತ್ತಾರೆ. ತಾಪನ ಮತ್ತು ವಾತಾಯನ ಎಂಜಿನಿಯರುಗಳ ಸಂಘದ ಜೊತೆ ಸೇರಿ ಅವರು 1923ರಲ್ಲಿ ಮೊದಲ ಪರೀಕ್ಷಾ ಸಂಹಿತೆ ತಂದರು. ಇವತ್ತಿನ ಆಮ್ಕಾ 210 ಎಂಬ ಮಾನಕ ಅದರ ವಂಶದ್ದು. ಅಂತರರಾಷ್ಟ್ರೀಯ ಮಟ್ಟದಲ್ಲಿ ಅದೇ ಕೆಲಸಕ್ಕೆ ಐಎಸ್‌ಒ 5801 ಇದೆ.

ಗೊಂದಲದ ಬೇರು ಇಲ್ಲಿದೆ. ಆಮ್ಕಾ 210 ಎಂಬುದು ಅಳೆಯುವ ವಿಧಾನ. ಅದು ಯಾರ ಅಂಕಿಗೂ ಜಾಮೀನು ನಿಲ್ಲುವುದಿಲ್ಲ. ಕ್ಯಾಟಲಾಗಿನಲ್ಲಿ 'ಆಮ್ಕಾ 210ರ ಪ್ರಕಾರ ಪರೀಕ್ಷಿಸಲಾಗಿದೆ' ಎಂದು ಬರೆದಿದ್ದರೆ ಅದರರ್ಥ ಇಷ್ಟೇ: ಯಾರೋ, ಎಲ್ಲೋ, ಯಾವಾಗಲೋ ಒಂದು ಫ್ಯಾನನ್ನು ಆ ವಿಧಾನದಲ್ಲಿ ಅಳೆದಿದ್ದೇವೆ ಎಂದು ತಯಾರಕರೇ ಹೇಳಿಕೊಳ್ಳುತ್ತಿದ್ದಾರೆ. 'ಪ್ರಮಾಣೀಕೃತ ರೇಟಿಂಗ್ ಮುದ್ರೆ ಬಳಸಲು ಪರವಾನಗಿ ಪಡೆದಿದೆ' ಎಂಬ ಸಾಲೇ ಬೇರೆ: ಅಲ್ಲಿ ಪ್ರಕಟಿತ ಅಂಕಿಯನ್ನು ಆಮ್ಕಾ ಪರಿಶೀಲಿಸಿ ಮುದ್ರೆ ಕೊಟ್ಟಿರುತ್ತದೆ. ಮೊದಲ ಸಾಲು ಎರಡನೆಯದರ ವೇಷ ಹಾಕಿಕೊಂಡು ಓಡಾಡುವುದು ಈ ವ್ಯಾಪಾರದ ಹಳೆಯ ಚಾಳಿ. ಟೆಂಡರ್ ಬರೆಯುವವರೂ ಎಷ್ಟೋ ಸಲ ಮೊದಲನೆಯದನ್ನೇ ಬರೆದು, ಎರಡನೆಯದು ಸಿಕ್ಕಿತೆಂದುಕೊಳ್ಳುತ್ತಾರೆ.

ಎರಡನೆಯದಕ್ಕೆ ಬೆಲೆ ಬರುವುದು ಹೇಗೆ? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಫ್ಯಾನ್ ತಯಾರಕರಿಗೂ ಸಲ್ಲುತ್ತದೆ. ಪರೀಕ್ಷೆಗೆ ಕಳಿಸುವ ಫ್ಯಾನನ್ನು ಕೈಯಾರೆ ನಯಗೊಳಿಸಬಹುದು. ಎಲೆ ಮತ್ತು ಹೊರಕವಚದ ನಡುವಿನ ಸಂದನ್ನು ಕಿರಿದಾಗಿಸಬಹುದು, ಗಾಳಿ ಒಳಸೆಳೆಯುವ ಬಾಯಿಯ ಕೋನ್ ಸರಿಯಾಗಿ ನಟ್ಟನಡುವೆ ಕೂತಿದೆಯೇ ಎಂದು ಮೂರು ಸಲ ನೋಡಬಹುದು. ಸಾಲಿನಲ್ಲಿ ದಿನವೂ ತಯಾರಾಗುವ ಫ್ಯಾನಿಗೆ ಆ ಉಪಚಾರ ಸಿಗುವುದಿಲ್ಲ. ಆದ್ದರಿಂದ ಮೊದಲ ಪರೀಕ್ಷೆಯ ತೂಕ ಕಡಿಮೆ. ಪ್ರಮಾಣೀಕರಣದ ಜೀವವಿರುವುದು ಮರುಪರೀಕ್ಷೆಯಲ್ಲಿ. ಆಮ್ಕಾ ಯೋಜನೆಯಲ್ಲಿ ಪ್ರಮಾಣೀಕೃತ ಫ್ಯಾನ್ ಸರಣಿಯನ್ನು ಮೂರು ವರ್ಷಕ್ಕೊಮ್ಮೆ ತಪಾಸಣಾ ಪರೀಕ್ಷೆಗೆ ಎಳೆಯುತ್ತಾರೆ. ಅಳತೆ ಪ್ರಕಟಿತ ಅಂಕಿಗೆ ಹೊಂದದಿದ್ದರೆ ತಯಾರಕರು ಉತ್ಪನ್ನವನ್ನು ಸರಿಪಡಿಸಬೇಕು, ಇಲ್ಲವೇ ಅಂಕಿಯನ್ನು ಇಳಿಸಬೇಕು, ಎರಡೂ ಆಗದಿದ್ದರೆ ಮುದ್ರೆ ಬಿಡಬೇಕು. ಇದಲ್ಲದೆ ಪ್ರತಿಸ್ಪರ್ಧಿಗಳು ಸವಾಲು ಹಾಕಬಹುದು: 'ಇವರ ಅಂಕಿ ನಮಗೆ ಅನುಮಾನ, ಮತ್ತೊಮ್ಮೆ ಅಳೆಯಿರಿ.' ತಯಾರಕರ ಸಂಘವೇ ತಯಾರಕರಿಗೆ ಮುದ್ರೆ ಕೊಡುವುದು ಕಳ್ಳನ ಕೈಗೆ ಕೀಲಿ ಕೊಟ್ಟಂತಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನನ್ನ ಮಟ್ಟಿಗೆ ಅದಕ್ಕೆ ಸಮಾಧಾನ ಸಿಗುವುದು ಸಂಘದ ಒಳ್ಳೆಯತನದಲ್ಲಲ್ಲ, ಪಕ್ಕದ ಕಾರ್ಖಾನೆಯವನ ಹೊಟ್ಟೆಕಿಚ್ಚಿನಲ್ಲಿ. ಮಾರಾಟ ಕಳೆದುಕೊಂಡವನಿಗಿಂತ ಕಟ್ಟುನಿಟ್ಟಾದ ಇನ್‌ಸ್ಪೆಕ್ಟರ್ ಸಿಗುವುದು ಕಷ್ಟ.

ಹಾಗಿದ್ದರೂ ಪ್ರತಿಯೊಂದು ಗಾತ್ರವನ್ನೂ ಪ್ರತಿಯೊಂದು ವೇಗದಲ್ಲೂ ಅಳೆದಿರುತ್ತಾರೆ ಎಂದು ತಿಳಿಯಬಾರದು. ಆಕಾರ ಒಂದೇ ಅನುಪಾತದಲ್ಲಿದ್ದರೆ ಚಿಕ್ಕ ಫ್ಯಾನಿನ ಪರೀಕ್ಷೆಯಿಂದ ದೊಡ್ಡದರ ಅಂಕಿಯನ್ನು 'ಫ್ಯಾನ್ ನಿಯಮ'ಗಳ ಮೂಲಕ ಲೆಕ್ಕ ಹಾಕಬಹುದು. ಹರಿವು ವೇಗದ ಜೊತೆ ನೇರವಾಗಿ ಏರುತ್ತದೆ, ಒತ್ತಡ ವೇಗದ ವರ್ಗದಂತೆ, ಬೇಕಾಗುವ ಶಕ್ತಿ ವೇಗದ ಘನದಂತೆ. ಈ ಘನವನ್ನು ಹಗುರವಾಗಿ ನೋಡಬಾರದು. ಫ್ಯಾನು ಹೇಳಿದ್ದಕ್ಕಿಂತ ಶೇ 10 ಕಡಿಮೆ ಗಾಳಿ ಕೊಟ್ಟಿತು ಎನ್ನಿ. 'ವೇಗ ಸ್ವಲ್ಪ ಹೆಚ್ಚಿಸಿದರಾಯಿತು' ಎಂದು ಅನಿಸುವುದು ಸಹಜ. ಕೊರತೆ ತುಂಬಲು ವೇಗವನ್ನು ಶೇ 11ರಷ್ಟು ಏರಿಸಬೇಕು. ಆಗ ಶಕ್ತಿಯ ಬಳಕೆ ಸುಮಾರು ಶೇ 37 ಏರುತ್ತದೆ, ಸದ್ದು ಎರಡು ಡೆಸಿಬಲ್ಲಿಗೂ ಮಿಗಿಲಾಗಿ ಹೆಚ್ಚುತ್ತದೆ. ಮೋಟರು ಅಷ್ಟನ್ನು ತಾಳದೆ ಹೋಗಬಹುದು.

ಎಷ್ಟು ವ್ಯತ್ಯಾಸವನ್ನು ಕ್ಷಮಿಸಬಹುದು ಎಂಬುದಕ್ಕೂ ಲಿಖಿತ ನಿಯಮವಿದೆ. ಐಎಸ್‌ಒ 13348 ಫ್ಯಾನುಗಳಿಗೆ ನಾಲ್ಕು ದರ್ಜೆ ಕೊಡುತ್ತದೆ. ಹರಿವಿನಲ್ಲಿ ಅನುಮತಿಸುವ ವಿಚಲನೆ ಎಎನ್1ರಲ್ಲಿ ಶೇ 1, ಎಎನ್2ರಲ್ಲಿ 2.5, ಎಎನ್3ರಲ್ಲಿ 5, ಎಎನ್4ರಲ್ಲಿ 10. ಕ್ಯಾಟಲಾಗಿನಲ್ಲಿ ದರ್ಜೆ ನಮೂದಿಸದಿದ್ದರೆ ಅಂಕಿಯ ಅರ್ಥವೇ ಅರೆಬರೆ. ಶೇ 10ರ ಸಡಿಲಿಕೆ ಅಪರಾಧವಲ್ಲ, ಒರಟು ಕೆಲಸದ ಫ್ಯಾನಿಗೆ ಅದು ಸಾಕು. ಅದನ್ನು ಮುಚ್ಚಿಟ್ಟರೆ ಮಾತ್ರ ಅಪರಾಧ.

ಮುದ್ರೆ ನೋಡಿದ ಕೂಡಲೇ ಅದರ ಕೆಳಗಿನ ಸಣ್ಣಕ್ಷರ ಓದಬೇಕು. ಪ್ರಮಾಣೀಕೃತ ಕ್ಯಾಟಲಾಗುಗಳ ಅಡಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಸಾಲುಗಳಿರುತ್ತವೆ. ಒಂದು: 'ಈ ಅಂಕಿ ಬಿ ಮಾದರಿ ಅಳವಡಿಕೆಗೆ.' ಅಂದರೆ ಫ್ಯಾನಿನ ಬಾಯಿ ತೆರೆದಿದೆ, ಹೊರಬದಿಗೆ ಡಕ್ಟ್ ಇದೆ. ಎ ಮಾದರಿಯಲ್ಲಿ ಎರಡೂ ಕಡೆ ತೆರೆದಿರುತ್ತದೆ, ಸಿ ಮಾದರಿಯಲ್ಲಿ ಒಳಬದಿಗೆ ಮಾತ್ರ ಡಕ್ಟ್, ಡಿ ಮಾದರಿಯಲ್ಲಿ ಎರಡೂ ಬದಿಗೆ. ನಾಲ್ಕಕ್ಕೂ ಅಂಕಿ ಬೇರೆ. ಎರಡನೆಯ ಸಾಲು: 'ಶಕ್ತಿಯ ಅಂಕಿಯಲ್ಲಿ ಬೆಲ್ಟ್ ಮುಂತಾದ ಪ್ರಸರಣ ನಷ್ಟ ಸೇರಿಲ್ಲ.' ಮೂರನೆಯದು ಎಲ್ಲಕ್ಕಿಂತ ಚುರುಕು: 'ಬಿಡಿ ಸಲಕರಣೆಗಳ ಪರಿಣಾಮ ಸೇರಿಲ್ಲ.' ಹಕ್ಕಿ ತಡೆಯುವ ಜಾಲರಿ, ಹಿಂಗಾಳಿ ತಡೆಯುವ ಶಟರ್, ಬೆಲ್ಟಿನ ಕವಚ ಇವೆಲ್ಲ ಬಿಡಿ ಸಲಕರಣೆಗಳೇ. ಫ್ಯಾನಿನ ಜೊತೆ ಅವನ್ನೂ ಮಾರುವವರು, ಅಂಕಿ ಮಾತ್ರ ಅವಿಲ್ಲದ ಫ್ಯಾನಿನದನ್ನು ಕೊಡುತ್ತಾರೆ. ಇದರಲ್ಲಿ ಮೋಸವಿಲ್ಲ, ಬರೆದೇ ಕೊಟ್ಟಿದ್ದಾರೆ. ಓದುವವರಿಲ್ಲ ಅಷ್ಟೆ.

ಇನ್ನೂ ಒಂದು ಸೂಕ್ಷ್ಮ: ಮುದ್ರೆಯಲ್ಲೇ ಬಗೆಗಳಿವೆ. ಗಾಳಿಯ ಹರಿವಿಗೆ ಒಂದು, ಶಬ್ದಕ್ಕೆ ಇನ್ನೊಂದು, ಶಕ್ತಿ ದಕ್ಷತೆಗೆ ಮತ್ತೊಂದು. ಗಾಳಿಗೆ ಮಾತ್ರ ಮುದ್ರೆಯಿದ್ದರೆ ಅದೇ ಪುಟದ ಶಬ್ದದ ಕೋಷ್ಟಕ ತಯಾರಕರ ಸ್ವಂತ ಮಾತು. ಸುರಕ್ಷತೆಯ ಗುರುತುಗಳಂತೂ ಇದಕ್ಕೆ ಸಂಬಂಧವೇ ಇಲ್ಲದವು. ಫ್ಯಾನು ಶಾಕ್ ಹೊಡೆಯುವುದಿಲ್ಲ, ಬೆಂಕಿ ಹತ್ತಿಸುವುದಿಲ್ಲ ಎಂದು ಹೇಳುವ ಗುರುತು ಎಷ್ಟು ಗಾಳಿ ಬರುತ್ತದೆ ಎಂದು ಹೇಳುವುದಿಲ್ಲ.

ಶಬ್ದದ ಲೆಕ್ಕದಲ್ಲಿ ಆಟ ಆಡಲು ಜಾಗ ಹೆಚ್ಚು. ಉಪಕರಣ ಹೊರಸೂಸುವ ಒಟ್ಟು ಶಬ್ದಶಕ್ತಿ ಒಂದು, ನಿಮ್ಮ ಕಿವಿಯ ಬಳಿ ಬೀಳುವ ಶಬ್ದದ ಒತ್ತಡ ಇನ್ನೊಂದು. ಎರಡಕ್ಕೂ ಘಟಕ ಡೆಸಿಬಲ್ಲೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಗೊತ್ತಾಗುವುದಿಲ್ಲ. ಗಟ್ಟಿ ನೆಲದ ಬಯಲಿನಲ್ಲಿ ಇಟ್ಟ ಫ್ಯಾನಿನ ಶಬ್ದಶಕ್ತಿ 70 ಡೆಸಿಬಲ್ ಇದ್ದರೆ, ಮೂರು ಮೀಟರ್ ದೂರದಲ್ಲಿ ಒತ್ತಡದ ಲೆಕ್ಕದಲ್ಲಿ ಅದು 52ರ ಆಸುಪಾಸು. ಕ್ಯಾಟಲಾಗಿನಲ್ಲಿ 52 ಎಂದು ದಪ್ಪಕ್ಷರದಲ್ಲಿ ಹಾಕಿ, ದೂರವನ್ನು ಹೇಳದೆ ಬಿಟ್ಟರೆ ಫ್ಯಾನು ತಣ್ಣಗೆ ಕಾಣುತ್ತದೆ. ಅದೇ ಫ್ಯಾನನ್ನು ಬರಿಗೋಡೆಯ ಸಣ್ಣ ಕೋಣೆಗೆ ತಂದರೆ ಗದ್ದಲ ಬೇರೆಯೇ. ಅದಕ್ಕೇ ಆಮ್ಕಾ 300 ಎಂಬ ಶಬ್ದದ ಮಾನಕ ಪ್ರತಿಧ್ವನಿ ತುಂಬಿದ ಕೋಣೆಯಲ್ಲಿ ಶಬ್ದಶಕ್ತಿಯನ್ನು ಅಳೆಯುತ್ತದೆ. ಪಕ್ಕದಲ್ಲಿ ಕೊಟ್ಟಿರುವ ಕಿವಿಯ ಅಂದಾಜಿನ ಡೆಸಿಬಲ್ ಅಂಕಿಗೆ ಪರವಾನಗಿ ಅನ್ವಯಿಸದು ಎಂಬ ಅಡಿಟಿಪ್ಪಣಿ ಹಲವು ಕ್ಯಾಟಲಾಗುಗಳಲ್ಲಿದೆ. ಮನೆಯ ಫ್ಯಾನುಗಳಿಗೆ ಎಚ್‌ವಿಐ ಬಳಸುವ 'ಸೋನ್' ಎಂಬ ಘಟಕ ನನಗೆ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಎರಡು ಸೋನ್ ಎಂದರೆ ಕೇಳುವವರಿಗೆ ಒಂದರ ಎರಡರಷ್ಟು ಜೋರು. ಲಾಗರಿದಮ್ ಕಲಿಯದವರಿಗೂ ಅರ್ಥವಾಗುತ್ತದೆ.

ಫ್ಯಾನು ಬಿಟ್ಟು ಉಳಿದ ಉಪಕರಣಗಳ ಪರೀಕ್ಷೆಗಳು ಇನ್ನೂ ಸ್ವಾರಸ್ಯದವು. ಗೋಡೆಯಲ್ಲಿ ಗಾಳಿ ಒಳಬಿಡುವ ಲೂವರುಗಳಿಗೆ ಕೃತಕ ಬಿರುಮಳೆ ಹೊಡೆಸುತ್ತಾರೆ: ಗಂಟೆಗೆ ಸುಮಾರು 47 ಕಿಲೋಮೀಟರ್ ಗಾಳಿಯ ಜೊತೆ ಗಂಟೆಗೆ 75 ಮಿಲಿಮೀಟರ್ ಮಳೆ. ಬಿರುಸಿನ ಪರೀಕ್ಷೆಯಲ್ಲಿ ಗಾಳಿ 80 ಕಿಲೋಮೀಟರ್, ಮಳೆ 200 ಮಿಲಿಮೀಟರ್. ನೀರಿನ ಶೇ 99 ಅಥವಾ ಹೆಚ್ಚನ್ನು ತಡೆದರೆ ಎ ವರ್ಗ; ಶೇ 80ಕ್ಕಿಂತ ಕಡಿಮೆಯಾದರೆ ಡಿ. ಡಕ್ಟಿನಲ್ಲಿ ಗಾಳಿ ತಡೆಯುವ ಕದ, ಅಂದರೆ ಡ್ಯಾಂಪರು, ಮುಚ್ಚಿದಾಗಲೂ ಅದರ ಸಂದಿನಿಂದ ಎಷ್ಟು ಗಾಳಿ ಸೋರುತ್ತದೆ ಎಂಬುದಕ್ಕೂ ವರ್ಗಗಳಿವೆ. ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರಗಳಲ್ಲಿ ಗುರುತಿನ ಅನಿಲ ಬಿಟ್ಟು, ಹೊರಗೆ ಹೋಗಬೇಕಾದ ಹಳಸಿದ ಗಾಳಿಯಲ್ಲಿ ಎಷ್ಟು ಪಾಲು ನುಸುಳಿ ಒಳಗೇ ಮರಳುತ್ತದೆ ಎಂದು ನೋಡುತ್ತಾರೆ. ಆ ಅಂಕಿ ಗೊತ್ತಿಲ್ಲದೆ 'ತಾಜಾ ಗಾಳಿ' ಎಂಬ ಮಾತಿಗೆ ಅರ್ಥವಿಲ್ಲ. ಚೇಂಬರಿಗೆ ಜೋಡಿಸಲಾಗದ, ಬರೇ ಬೀಸುವ ಫ್ಯಾನುಗಳಲ್ಲಿ ಗಾಳಿಯನ್ನು ನೇರ ಅಳೆಯುವುದೇ ಇಲ್ಲ. ಫ್ಯಾನು ತನ್ನ ಆಧಾರವನ್ನು ಹಿಂದಕ್ಕೆ ಒತ್ತುವ ಬಲವನ್ನು ತೂಗಿ, ಅದರಿಂದ ಹರಿವನ್ನು ಲೆಕ್ಕ ಹಾಕುತ್ತಾರೆ.

ಇಷ್ಟು ದಿನ ಎಂಜಿನಿಯರುಗಳ ಮೇಜಿನ ಮೇಲಷ್ಟೇ ಇದ್ದ ಈ ವಿಷಯ ಈಗ ಮುನ್ನೆಲೆಗೆ ಬರಲು ಎರಡು ಕಾರಣ. ಒಂದು ಕೋವಿಡ್. ಸಾಂಕ್ರಾಮಿಕದ ನಂತರ 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ಜನ ಸೇರುವ ಕೋಣೆಗಳಲ್ಲಿ ಗಂಟೆಗೆ 5 ಬಾರಿ ಗಾಳಿ ಬದಲಾದಷ್ಟು ಶುದ್ಧ ಗಾಳಿ ಸಿಗುವಂತೆ ನೋಡಿಕೊಳ್ಳಿ ಎಂದಿತು. ಅದೇ ವರ್ಷ ಅಮೆರಿಕದ ತಾಪನ, ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇಯ 241ನೇ ಮಾನಕ ಸೋಂಕು ಹರಡದಂತೆ ಬೇಕಾಗುವ ಗಾಳಿಗೆ ಲೆಕ್ಕ ಕೊಟ್ಟಿತು. 180 ಘನ ಮೀಟರಿನ ಕೋಣೆಗೆ 5 ಬಾರಿ ಎಂದರೆ ಗಂಟೆಗೆ 900 ಘನ ಮೀಟರ್. ಕ್ಯಾಟಲಾಗಿನಲ್ಲಿ 900 ಎಂದಿರುವ ಫ್ಯಾನು ನಿಜದಲ್ಲಿ ಶೇ 20 ಕಡಿಮೆ ಕೊಟ್ಟರೆ 5 ಅಲ್ಲ, 4. ಆರೋಗ್ಯದ ಗುರಿಯೇ ಅಂಕಿಯ ಮೇಲೆ ನಿಂತಾಗ ಅಂಕಿಯ ಪ್ರಾಮಾಣಿಕತೆ ಆರೋಗ್ಯದ ಪ್ರಶ್ನೆಯಾಗುತ್ತದೆ.

ಎರಡನೆಯ ಕಾರಣ ವಿದ್ಯುತ್ತು. ಮೊದಲು ಫ್ಯಾನಿನ ಗರಿಷ್ಠ ದಕ್ಷತೆ ನೋಡಿ ದರ್ಜೆ ಕೊಡುತ್ತಿದ್ದರು. ಆದರೆ ಗರಿಷ್ಠ ದಕ್ಷತೆ ಕರ್ವಿನ ಒಂದು ಜಾಗದಲ್ಲಿ ಮಾತ್ರ ಇರುತ್ತದೆ. ಒಳ್ಳೆಯ ಫ್ಯಾನನ್ನು ತಪ್ಪು ಜಾಗದಲ್ಲಿ ಓಡಿಸಿದರೆ ವಿದ್ಯುತ್ ಪೋಲು. ಖರೀದಿಯಲ್ಲಿ ಉಳಿತಾಯವಾಗಲೆಂದು ಚಿಕ್ಕ ಫ್ಯಾನು ತಂದು ಜೋರಾಗಿ ಓಡಿಸುವ ಅಭ್ಯಾಸ ಎಲ್ಲೆಲ್ಲೂ ಇದೆ. ಇದಕ್ಕೆ ಮದ್ದಾಗಿ 2018ರಲ್ಲಿ ಆಮ್ಕಾ 208 ಎಂಬ ಮಾನಕದ ಮೂಲಕ ಬಂದದ್ದು ಫ್ಯಾನ್ ಎನರ್ಜಿ ಇಂಡೆಕ್ಸ್, ಎಫ್‌ಇಐ. ನಿರ್ದಿಷ್ಟ ಹರಿವು ಮತ್ತು ಒತ್ತಡಕ್ಕೆ ಹೋಲಿಕೆಗೆಂದು ಮಾನಕ ಇಟ್ಟುಕೊಂಡ ಒಂದು ಉಲ್ಲೇಖ ಫ್ಯಾನು ಎಳೆಯುವ ವಿದ್ಯುತ್ತನ್ನು ನಮ್ಮ ಫ್ಯಾನು ಎಳೆಯುವ ವಿದ್ಯುತ್ತಿನಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. 1.10 ಬಂದರೆ ಉಲ್ಲೇಖಕ್ಕಿಂತ ಸುಮಾರು ಶೇ 9 ಉಳಿತಾಯ. ಮೋಟರು, ಬೆಲ್ಟು, ವೇಗ ನಿಯಂತ್ರಕದ ನಷ್ಟವೂ ಇದರಲ್ಲಿ ಸೇರುತ್ತದೆ. ಕಟ್ಟಡಗಳ ಶಕ್ತಿ ಬಳಕೆಯ ಮಾನಕವಾದ ಆಶ್ರೇ 90.1ರ 2019ರ ಆವೃತ್ತಿ 1.00ಅನ್ನು ಕನಿಷ್ಠ ಗೆರೆಯಾಗಿ ತಂದಿತು.

ಎಫ್‌ಇಐಯ ಹೊಸತನ ಇಲ್ಲಿದೆ: ಅದು ಫ್ಯಾನಿನ ಗುಣವಲ್ಲ, ಆಯ್ಕೆಯ ಗುಣ. ಒಂದೇ ಫ್ಯಾನು ಒಂದು ಕಡೆ 1.2, ಇನ್ನೊಂದು ಕಡೆ 0.8 ತೋರಿಸಬಹುದು. 'ನಮ್ಮ ಫ್ಯಾನಿನ ಎಫ್‌ಇಐ 1.2' ಎಂದು ಯಾರಾದರೂ ಜಾಹೀರಾತು ಕೊಟ್ಟರೆ ಎಲ್ಲಿ ಎಂದು ಕೇಳಬೇಕು. ಆದರೆ ಈ ಲೆಕ್ಕ ನಡೆಯಬೇಕಾದರೆ ಕರ್ವಿನ ಒಂದು ಬಿಂದುವಲ್ಲ, ಇಡೀ ಕರ್ವೇ ನಿಜವಾಗಿರಬೇಕು. ಐಚ್ಛಿಕವಾಗಿದ್ದ ಮುದ್ರೆ ಕಾನೂನಿನ ಊರುಗೋಲಾಗುತ್ತಿರುವುದು ಹೀಗೆ.

ಯುರೋಪಿನ ದಾರಿ ಬೇರೆ. ಅಲ್ಲಿ 125 ವ್ಯಾಟ್‌ನಿಂದ 500 ಕಿಲೋವ್ಯಾಟ್‌ವರೆಗಿನ ಫ್ಯಾನುಗಳಿಗೆ 2011ರ 327ನೇ ನಿಯಮ ಕನಿಷ್ಠ ದಕ್ಷತೆ ವಿಧಿಸಿತು. ಅದರ ಜಾಗಕ್ಕೆ 2024ರ 1834ನೇ ನಿಯಮ ಬಂದಿದ್ದು, 2026ರ ಜುಲೈ 24ರಿಂದ ಅನ್ವಯ. ಅಂಕಿಯನ್ನು ತಯಾರಕರೇ ಘೋಷಿಸುತ್ತಾರೆ. ಸುಳ್ಳಾಗಿದ್ದರೆ ಮಾರುಕಟ್ಟೆ ತಪಾಸಣೆಯವರು ಹಿಡಿಯಬೇಕು. ಹತ್ತಾರು ಕಿಲೋವ್ಯಾಟಿನ ಫ್ಯಾನನ್ನು ಅಳೆಯಬಲ್ಲ ಪ್ರಯೋಗಾಲಯಗಳು ಕಡಿಮೆ, ಒಂದೊಂದು ಪರೀಕ್ಷೆಯೂ ದುಬಾರಿ. ಹಿಡಿಯುವ ಕೈ ಗಿಡ್ಡವಾದಾಗ ಸ್ವಯಂಘೋಷಣೆ ಒಳ್ಳೆಯವರಿಗೆ ಶಿಕ್ಷೆಯಾಗುತ್ತದೆ. ಈ ಸಂದನ್ನು ಅಲ್ಲಿ ತುಂಬುವುದು ಪ್ಯಾರಿಸ್ಸಿನ ಯುರೋವೆಂಟ್ ಪ್ರಮಾಣೀಕರಣ. ತಾವು ಮಾರುವ ಸರಣಿಯಲ್ಲಿ ಚೆಂದದ್ದನ್ನಷ್ಟೇ ತಂದು ಉಳಿದದ್ದನ್ನು ಬಚ್ಚಿಡುವಂತಿಲ್ಲ, ವ್ಯಾಪ್ತಿಗೆ ಬರುವುದೆಲ್ಲವನ್ನೂ ಪ್ರಮಾಣೀಕರಿಸಬೇಕು ಎಂಬುದು ಅದರ ಮೂಲ ಷರತ್ತು. ದೊಡ್ಡ ವಾಯು ಯಂತ್ರಗಳಲ್ಲಿ ಬೇಕಾದ ಮಾದರಿಯನ್ನು ಲೆಕ್ಕ ಹಾಕಿ ಆರಿಸುವ ಸಾಫ್ಟ್‌ವೇರನ್ನೂ ಪರಿಶೀಲಿಸುತ್ತಾರೆ. ಇವತ್ತು ಮುದ್ರಿತ ಕ್ಯಾಟಲಾಗ್ ತೆರೆಯುವವರು ಯಾರು? ಅಂಕಿ ಹುಟ್ಟುವುದೇ ಸಾಫ್ಟ್‌ವೇರಿನಲ್ಲಿ.

ಸಣ್ಣ ತಯಾರಕರ ಅಳಲೂ ಸುಳ್ಳಲ್ಲ. ಪರೀಕ್ಷೆ, ವಾರ್ಷಿಕ ಶುಲ್ಕ, ಸಾಗಣೆ, ವರದಿ ಎಲ್ಲ ಸೇರಿ ಹೊರೆ. ಮುದ್ರೆಯಿಲ್ಲದ ಫ್ಯಾನೆಲ್ಲ ಕೆಟ್ಟದ್ದಲ್ಲ. ಮುದ್ರೆಯಿರುವುದೆಲ್ಲ ಒಳ್ಳೆಯದೂ ಅಲ್ಲ: ಸದ್ದು ಮಾಡುವ, ವಿದ್ಯುತ್ ನುಂಗುವ ಫ್ಯಾನು ತನ್ನ ದೋಷವನ್ನು ಪ್ರಾಮಾಣಿಕವಾಗಿ ಅಚ್ಚುಹಾಕಿದರೆ ಅದಕ್ಕೂ ಮುದ್ರೆ ಸಿಗುತ್ತದೆ. ಬೇರಿಂಗು ಎಷ್ಟು ವರ್ಷ ಬಾಳುತ್ತದೆ, ಬಣ್ಣ ಯಾವಾಗ ಉದುರುತ್ತದೆ ಎಂದು ಅದು ಹೇಳುವುದಿಲ್ಲ.

ಅಲ್ಲದೆ ಮುದ್ರೆಯ ಅಧಿಕಾರ ಪ್ರಯೋಗಾಲಯದ ಬಾಗಿಲಿಗೆ ಮುಗಿಯುತ್ತದೆ. ಚೇಂಬರಿನಲ್ಲಿ ಫ್ಯಾನಿನ ಬಾಯಿಗೆ ಗಾಳಿ ನೇರವಾಗಿ, ಸಮನಾಗಿ ಬರುತ್ತದೆ. ಕಟ್ಟಡದಲ್ಲಿ ಜಾಗವಿಲ್ಲವೆಂದು ಬಾಯಿಗೇ ಮೊಣಕೈ ತಿರುವು ಹಾಕಿರುತ್ತಾರೆ. ಗಾಳಿ ಸುತ್ತುತ್ತ ಬಂದು ಎಲೆಗಳಿಗೆ ಓರೆಯಾಗಿ ಬಡಿಯುತ್ತದೆ, ಕರ್ವೇ ಕೆಳಗಿಳಿಯುತ್ತದೆ. ಈ ನಷ್ಟಕ್ಕೆ 'ಸಿಸ್ಟಮ್ ಎಫೆಕ್ಟ್' ಎಂದು ಹೆಸರು. ಫ್ಯಾನಿನಿಂದ ಹೊರಬಂದ ಗಾಳಿ ಸಾವರಿಸಿಕೊಳ್ಳಲೂ ನೇರ ದಾರಿ ಬೇಕು: ವೇಗ ಸೆಕೆಂಡಿಗೆ 12.7 ಮೀಟರಿನ ಒಳಗಿದ್ದರೆ ಡಕ್ಟಿನ ವ್ಯಾಸದ ಎರಡೂವರೆ ಪಟ್ಟು ಉದ್ದ, ವೇಗ ಹೆಚ್ಚಿದರೆ ಇನ್ನೂ ಉದ್ದ. ನಕ್ಷೆಯಲ್ಲಿ ಇದಕ್ಕೆ ಜಾಗ ಬಿಡುವ ವಾಸ್ತುಶಿಲ್ಪಿ ಅಪರೂಪ.

ಹಾಗಾದರೆ ಮುದ್ರೆ ಕೆಲಸಕ್ಕೆ ಬರುವುದೆಲ್ಲಿ? ಜಗಳದಲ್ಲಿ. ಕಟ್ಟಡ ಮುಗಿದಿದೆ, ಗಾಳಿ ಸಾಲದು. ಫ್ಯಾನೇ ಸರಿಯಿಲ್ಲ ಎನ್ನುತ್ತಾನೆ ಗುತ್ತಿಗೆದಾರ. ಡಕ್ಟು ಸರಿಯಿಲ್ಲ ಎನ್ನುತ್ತಾರೆ ತಯಾರಕರು. ನಂಬಬಹುದಾದ ಕರ್ವ್ ಇಲ್ಲದಿದ್ದರೆ ಇದು ಮುಗಿಯದ ಪಂಚಾಯಿತಿ. ಕರ್ವ್ ಇದ್ದರೆ ವೇಗ, ಒತ್ತಡ, ಹರಿವು ಮೂರನ್ನು ಸ್ಥಳದಲ್ಲೇ ಅಳೆದು ಬಿಂದು ಇಟ್ಟು ನೋಡಬಹುದು. ಬಿಂದು ಕರ್ವಿನ ಮೇಲೆಯೇ ಇದ್ದು, ಒತ್ತಡ ಲೆಕ್ಕಕ್ಕಿಂತ ಹೆಚ್ಚಿದ್ದರೆ ತಪ್ಪು ಡಕ್ಟಿನದು. ಕರ್ವಿನಿಂದ ಕೆಳಗೆ ಬಿದ್ದಿದ್ದರೆ ಫ್ಯಾನಿನ ಬಾಯಿಯ ತಿರುವನ್ನು ನೋಡಬೇಕು. ಅಲ್ಲೂ ಎಲ್ಲ ಸರಿಯಿದ್ದು ಗಾಳಿ ತೀರಾ ಕಡಿಮೆಯಿದ್ದರೆ ಫ್ಯಾನು ಯಾವ ದಿಕ್ಕಿಗೆ ತಿರುಗುತ್ತಿದೆ ಎಂದು ನೋಡುವುದು ಒಳ್ಳೆಯದು. ಸೆಂಟ್ರಿಫ್ಯೂಗಲ್ ಫ್ಯಾನು ಉಲ್ಟಾ ತಿರುಗಿದರೂ ಗಾಳಿಯನ್ನು ಅದೇ ಕಡೆಗೇ ದೂಡುತ್ತದೆ, ಪ್ರಮಾಣ ಮಾತ್ರ ತೀರಾ ಇಳಿಯುತ್ತದೆ. ಮೂರು ಫೇಸಿನ ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಪಂಚಾಯಿತಿ ಮುಗಿಯುತ್ತದೆ.